ಎಡರೆಕ್ಕೆ, ಬಲರೆಕ್ಕೆ

ಇನ್ಸ್‌ಪೆಕ್ಟರ್ ಒಳಗೆ ಬಂದಾಗ ಅವಳು ಕುದಿಯುವ ಪಾತ್ರೆಯ ಹಬೆಗೆ ಹೆಬ್ಬಾತಿನ ಗರಿ ಹಿಡಿದು ಸೊಟ್ಟ ತಿದ್ದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಗಂಡ ಸತ್ತು ಮೂರೇ ದಿನ.

ಅವರು ಬಟ್ಟೆಯಲ್ಲಿ ಸುತ್ತಿದ್ದ ಬಾಣವೊಂದನ್ನು ಬಿಚ್ಚಿ, ಬಾಣ ಮಾಡುವ ಕಸುಬಿನ ಅವಳ ಅಪ್ಪನ ಮಡಿಲಲ್ಲಿಟ್ಟರು. ಅಪ್ಪನಿಗೆ ಕಣ್ಣು ಹೋಗಿ ನಾಲ್ಕು ವರ್ಷ. ಅಂದಿನಿಂದ, ಅದೇ ಊರಿನ ಗಂಡನ ಮನೆಯಲ್ಲಿದ್ದಾಗಲೂ, ಗರಿ ಆರಿಸುವುದು, ಸೀಳುವುದು, ಬಾಣಕ್ಕೆ ಅಂಟಿಸುವುದು ಎಲ್ಲ ಅವಳದೇ.

“ನಿಮ್ಮ ಅಳಿಯನ ಕತ್ತಿನಿಂದ ತೆಗೆದದ್ದು, ಯಜಮಾನ್ರೇ. ಬಿಟ್ಟದ್ದು ನಾನೇ ಅಂತ ನಿಮ್ಮ ಮಗ ಒಪ್ಕೊಂಡಿದ್ದಾನೆ. ಆದ್ರೆ ಹೆದರಿಸೋಕೆ ಅಂತ ಬಾಗಿಲ ಚೌಕಟ್ಟಿಗೆ ಗುರಿ ಇಟ್ಟಿದ್ದನಂತೆ.”

“ನಿಜ ಸಾರ್,” ಎಂದಳು ಅವಳು. ಎರಡು ತಿಂಗಳ ಹಿಂದೆ ಎರಡು ಹಲ್ಲು ಮುರಿಸಿಕೊಂಡು ತವರಿಗೆ ಬಂದವಳು. “‘ನಿನ್ನ ಗಂಡನ ಕತ್ತಿನಿಂದ ಒಂದು ಗೇಣು ಬಲಕ್ಕೆ, ಮರಕ್ಕೆ ನೆಡ್ತೀನಿ, ಆಮೇಲೆ ನಿನ್ನ ಮೇಲೆ ಕೈ ಎತ್ತಲಿ ನೋಡೋಣ’ ಅಂತ ಅಣ್ಣ ಹಿಂದಿನ ದಿನವೇ ಹೇಳಿದ್ದ.”

“ಅವನ ಬಾಣ ಕೂದಲೆಳೆಯಷ್ಟೂ ತಪ್ಪಲ್ಲ ಅಂತ ಊರೇ ಹೇಳುತ್ತಲ್ಲಮ್ಮ. ಹಾಗಾದ್ರೆ ಕತ್ತಿಗೇ ಬಿಟ್ಟ. ಕೊಲೆ. ಬಾಣದಲ್ಲೇ ದೋಷ ಇದ್ರೆ ಮಾತು ಬೇರೆ. ಹೇಳಿ ಯಜಮಾನ್ರೇ.”

ಅವಳು ಗರಿ ಕೆಳಗಿಟ್ಟಳು. ನಲವತ್ತು ವರ್ಷದಲ್ಲಿ ಅಪ್ಪ ಈ ಮನೆಯ ಒಂದು ಬಾಣಕ್ಕೂ ದೋಷ ಒಪ್ಪಿದವನಲ್ಲ. ಆ ಬಿಂಕ ಇವತ್ತು ಅಣ್ಣನ ಕೊರಳಿಗೆ ಹಗ್ಗವಾಗಬಹುದು.

ಅಪ್ಪ ಬಾಣ ತಡವತೊಡಗಿದ. ಕಾದು ಬೇಸತ್ತ ಇನ್ಸ್‌ಪೆಕ್ಟರ್ ಹಿತ್ತಲಿಗೆ ಇಣುಕಿದರು. ಕೋಳಿಗೂಡಿನ ಹಲಗೆಯ ಮೇಲೆ ಇದ್ದಿಲಿನ ದುಂಡು ಗುರುತು. ಅದರಿಂದ ಒಂದು ಗೇಣು ಎಡಕ್ಕೆ ಮೂರು ತೂತು.

“ಇದ್ಯಾರಪ್ಪ ಶೂರರು? ಗುರುತು ಬಿಟ್ಟು ಮೂರೂ ಪಕ್ಕಕ್ಕೆ!”

“ನಾನೇ ಸಾರ್. ನನಗೆ ಗುರಿ ಬರಲ್ಲ.”

“ಕೋಳಿಗಳು ಪುಣ್ಯ ಮಾಡಿದ್ವು ಬಿಡಿ,” ಎಂದು ನಕ್ಕರು.

ಅಪ್ಪ ಗರಿಗಳನ್ನು ಕೆಳತುಟಿಗೆ ಸವರಿಕೊಂಡ. ಗರಿಯ ಬಾಗು ಯಾವ ಕಡೆಗೆಂದು ಅವನ ತುಟಿಗೆ ತಿಳಿಯುತ್ತಿತ್ತು. ಒಂದು. ಎರಡು. ಮೂರನೆಯದಕ್ಕೆ ಮುಖ ಕಲ್ಲಾಯಿತು.

“ಎರಡು ಎಡರೆಕ್ಕೆಯವು, ಒಂದು ಬಲರೆಕ್ಕೆಯದು. ಮೂರೂ ಒಂದೇ ಕಡೆಯವಾಗಿರಬೇಕು. ಹೀಗೆ ಬೆರೆತ್ರೆ ಬಾಣ ಎಡಕ್ಕೆ ಎಳೆಯುತ್ತೆ.” ಬಾಣವನ್ನು ಮತ್ತೆ ಮಡಿಲಿಗಿಟ್ಟ. “ಅಂಟಿಸಿದವನು ನಾನು. ಕುರುಡನ ಕೈತಪ್ಪು. ಮಗನಿಗೆ ಗೊತ್ತಿರಲಿಲ್ಲ. ಬರ್ಕೊಳ್ಳಿ.”

ಇನ್ಸ್‌ಪೆಕ್ಟರ್ ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು. “ಇನ್ನು ಇದು ಕೊಲೆ ಅಲ್ಲ,” ಎಂದು ಹೊರಟರು.

ಅವಳು ಅಪ್ಪನ ಕಾಲ ಬಳಿ ಕುಸಿದಳು. “ನನ್ನ ಕೈತಪ್ಪನ್ನ ನಿನ್ನ ತಲೆಗೆ ಹೊತ್ಕೊಂಡ್ಯಲ್ಲಪ್ಪ! ಅಣ್ಣ ಉಳಿದ.”

ಅಪ್ಪ ಅವಳ ತಲೆ ನೇವರಿಸಲಿಲ್ಲ. ಎದ್ದು, ಗೋಡೆ ಹಿಡಿದು ಹಿತ್ತಲಿಗೆ ನಡೆದ. ಕೋಳಿಗೂಡಿನ ಹಲಗೆಯನ್ನು ಅಂಗೈಯಿಂದ ಸವರಿ ಸವರಿ ಹುಡುಕಿದ.

“ಗುರಿ ಬರದವರ ತೂತು ಹಲಗೆ ತುಂಬ ಚೆಲ್ಲಿರುತ್ತೆ, ಮಗಳೇ.”

ಮೂರು ತೂತುಗಳೂ ಅವನ ಒಂದೇ ಹೆಬ್ಬೆರಳಿನಡಿ ಮುಚ್ಚಿಹೋಗಿದ್ದವು.