ಕಾಕ್‌ಪಿಟ್ಟಿನ ಬಾಗಿಲು

"ಪೂರ್ತಿ ಹೇಳು ಯವ್ವಾ. ಒಂದೂ ಬಿಡಬ್ಯಾಡ," ಎಂದಳು ಶಿವಬಸವ್ವ. ಪಡಸಾಲೆಯ ಹೊಸ್ತಿಲಿನ ಒಳಗೆ ಮಣೆ ಹಾಕಿಕೊಂಡು ಕುಳಿತಿದ್ದವಳು ಮುಂದಕ್ಕೆ ಬಾಗಿ, ಒಂದು ಶೇಂಗಾ ಉಂಡಿಯನ್ನು ಮೇಲಿನಿಂದಲೇ ಸಂಘಮಿತ್ರಾಳ ಬೊಗಸೆಗೆ ಬಿಟ್ಟಳು. ಹುಡುಗಿ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದಳು. ಆ ಮನೆಗೆ ಬಂದಾಗಲೆಲ್ಲ ಅವಳು ನಿಲ್ಲುವುದು ಅಲ್ಲೇ. ಅವಳ ಅಜ್ಜಿ ಗುತ್ತೆವ್ವ ನಿಲ್ಲುತ್ತಿದ್ದುದೂ ಅಲ್ಲೇ. ಅಲ್ಲೇ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವೂ ಬಂದಿರಲಿಲ್ಲ.

ಶಿವಬಸವ್ವನಿಗೆ ಈ ಹುಡುಗಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಲು ಕಾರಣವಿತ್ತು. ಊರ ಶಾಲೆಯ ಏಳನೇ ಇಯತ್ತೆಯ ಮಕ್ಕಳನ್ನು ಶಬನಮ ಅಕ್ಕೋರು ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಕರೆದುಕೊಂಡು ಹೋಗಿ ಬಂದಿದ್ದರು. ಮೊಮ್ಮಗಳು ಐಶ್ವರ್ಯ ವಿಮಾನ ಓಡಿಸುವ ಕೋಣೆಯನ್ನೂ ನೋಡಿ ಬರುತ್ತಾಳೆಂದು ಶಿವಬಸವ್ವ ವಾರದಿಂದ ಊರಿಗೆಲ್ಲ ಡಂಗುರ ಸಾರಿದ್ದಳು. ಇವತ್ತು ಸಂಜೆ ಅದನ್ನು ಕೇಳಲೆಂದೇ ಹೆಂಗಸರು ಗುಡಿಯ ಕಟ್ಟೆಗೆ ಬರುವವರಿದ್ದರು. ಅವರಲ್ಲೊಬ್ಬಳಾದ ಮಂಜವ್ವನಂತೂ ಬೆಳಗಿನಿಂದ ಎರಡು ಸಲ ನೆನಪು ಮಾಡಿ ಹೋಗಿದ್ದಳು.

ಆದರೆ ಐಶ್ವರ್ಯ ಹುಬ್ಬಳ್ಳಿಯಲ್ಲಿ ತಿಂದ ಗಿರಮಿಟ್ಟನ್ನೆಲ್ಲ ಆಕಾಶದಲ್ಲಿ ಕಾರಿಕೊಂಡು, ಉಳಿದ ಮಕ್ಕಳು ಆ ಕೋಣೆ ನೋಡುವಾಗ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದಳು. ಈಗ ಕೇಳಿದರೆ, "ಅದರ ಸುದ್ದಿ ತಗೀಬ್ಯಾಡ, ಹೊಟ್ಟಿ ತೊಳಸತೈತಿ" ಎಂದು ಮುಸುಕೆಳೆದುಕೊಳ್ಳುತ್ತಾಳೆ. ಓಡಿಸುವವರ ಕುರ್ಚಿಯಲ್ಲೇ ಕುಳಿತು ಬಂದವಳೆಂದರೆ ಸಂಘಮಿತ್ರಾ ಒಬ್ಬಳೇ. ಇವಳಿಂದ ಕೇಳಿಕೊಂಡು ಮೊಮ್ಮಗಳ ಹೆಸರಿನಲ್ಲಿ ಹೇಳಿಬಿಟ್ಟರೆ ಮುಗಿಯಿತು, ಕಟ್ಟೆಯ ಮೇಲಿನವರೇನು ವಿಮಾನ ಹತ್ತಿ ನೋಡಿ ಬರುತ್ತಾರೆಯೇ ಎಂಬುದು ಮುದುಕಿಯ ಧೈರ್ಯ.

"ಬೆಂಗಳೂರಾಗ ಇಳದ ಮ್ಯಾಲ ಮಂದೆಲ್ಲ ಹೋದ್ರ್ರಿ," ಎಂದು ಸಂಘಮಿತ್ರಾ ಶುರುಮಾಡಿದಳು. "ಆಮ್ಯಾಲ ನಮ್ಮನ್ನ ಮುಂದ ಕರಕೊಂಡು ಹೋದ್ರು. ಭಾಳ ಸಣ್ಣ ಕ್ವಾಣಿ ಐತ್ರಿ. ಎದುರಿಗೆ ಗುಂಡಿ, ಬಾಜೂಕ ಗುಂಡಿ, ತಲಿ ಮ್ಯಾಲೂ ಗುಂಡಿ. ಕ್ಯಾಪ್ಟನ್ ಮೇಡಂ ನನ್ನ ತಮ್ಮ ಕುರ್ಚಿ ಮ್ಯಾಲ ಕುಂದ್ರಿಸಿದ್ರು."

"ಹೆಣ್ಣಮಗಳು ಓಡಸ್ತಾಳ?"

"ಹೂಂನ್ರಿ."

ಶಿವಬಸವ್ವನ ಕಿವಿ ಮಂದ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಸೊಸೆ ಪಕ್ಕದಲ್ಲೇ ನಿಂತು ಕರೆದರೂ ಕೇಳಿಸುತ್ತಿರಲಿಲ್ಲ. ಮೂರು ಮನೆ ಆಚೆ ತನ್ನ ಹೆಸರೆತ್ತಿದರೆ ಥಟ್ಟನೆ ಕೇಳಿಸುತ್ತಿತ್ತು. ಈಗ ಹುಡುಗಿ ಮೆಲ್ಲಗೆ ಮಾತಾಡುತ್ತಿದ್ದರೂ ಅವಳಿಗೆ ಒಂದಕ್ಷರ ತಪ್ಪಲಿಲ್ಲ. ಸವಣೂರಿನ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, ಬಹಳ ಹೊತ್ತಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟಳು.

"ನೀ ಎದ್ದ ಮ್ಯಾಲ ಆ ಕುರ್ಚಿಗೆ ಏನ ಮಾಡಿದ್ರು?"

ಸಂಘಮಿತ್ರಾಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಏನ ಮಾಡ್ತಾರ್ರಿ? ಮೇಡಂ ಬಂದು ಕುಂತ್ರು."

"ಹಂಗ?"

"ಹಂಗ್ರಿ."

ಮುದುಕಿ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. ಇದನ್ನು ಕಟ್ಟೆಯ ಮೇಲೆ ಹೇಳುವ ಅಗತ್ಯವಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು, "ಮುಂದ ಹೇಳು. ಬಾಗಲಾ ಹೆಂಗಿತ್ತು?" ಎಂದಳು.

"ಬಾಗಲಾ ಗಟ್ಟಿ ಐತ್ರಿ. ವಿಮಾನ ಹಾರೂ ಮುಂದ ಒಳಗಿಂದ ಹಾಕ್ಕೊಂಡಿರ್ತಾರಂತ. ಹೊರಗಿನವ್ರು ಯಾರೂ ಹೋಗಂಗಿಲ್ಲ. ಎಷ್ಟ ದೊಡ್ಡ ಮನಿಯವ್ರು ಬಂದ್ರೂ ಬಿಡೂದಿಲ್ಲಂತ."

"ನಮ್ಮ ಶಂಕ್ರಪ್ಪ ಹೋದ್ರ?"

ಶಂಕ್ರಪ್ಪ ಅವಳ ಮಗ. ಹಾನಗಲ್ಲಿನ ಯಾವ ಆಫೀಸಿಗೆ ಹೋದರೂ ಹೇಳದೆ ಕೇಳದೆ ನೆಟ್ಟಗೆ ಒಳಗೆ ನುಗ್ಗಿ ಕುರ್ಚಿ ಎಳೆದುಕೊಳ್ಳುವವನು. ದೊಡ್ಡವರ ಮನಸ್ಸು ನೋಯಿಸಬಾರದು ಎಂದಿತ್ತು ಸಂಘಮಿತ್ರಾಳಿಗೆ. ಸುಳ್ಳು ಹೇಳಲೂ ಬರಲಿಲ್ಲ.

"ಅವರನ್ನೂ ಬಿಡೂದಿಲ್ಲ್ರಿ."

ಶಿವಬಸವ್ವನಿಗೆ ರೇಗಿತು. ತನ್ನ ಮಗನನ್ನು ಹೊರಗೆ ನಿಲ್ಲಿಸುವ ಬಾಗಿಲೂ ಒಂದು ಇದೆಯೆಂದು ಅವಳು ಕೇಳಿದ್ದು ಇದೇ ಮೊದಲು. ಅದೂ ಯಾರ ಬಾಯಿಂದ!

"ಮತ್ತ ನಿನ್ನ ಹೆಂಗ ಬಿಟ್ರು?"

"ಉಳದವ್ರು ದಬದಬಾ ಒಳಗ ಹೋದ್ರ್ರಿ. ನಾ ಹೊರಗ ನಿಂತಿದ್ದೆ. ಮೇಡಂ ನನ್ನ ನೋಡಿ, ಅಲ್ಲೇ ಯಾಕೆ ನಿಂತಿದೀಯ, ಒಳಗೆ ಬಾ ಅಂದ್ರು." ಹುಡುಗಿಯ ಕಣ್ಣು ಎದುರಿಗಿದ್ದ ಹೊಸ್ತಿಲ ಮೇಲೆ ಒಮ್ಮೆ ಹಾದುಹೋಯಿತು. "ಕರದ್ರ ಹೋಗಬಹುದ್ರಿ."

ಶಿವಬಸವ್ವನ ಬಾಯಲ್ಲಿ ಎಲೆ ಅಡಿಕೆ ಅಲ್ಲೇ ನಿಂತಿತು. ಹುಡುಗಿಯ ಮುಖದಲ್ಲಿ ಕೊಂಕೇನಾದರೂ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಅವಳು ಮಣೆಯ ಮೇಲೆ ಒಂದಿಷ್ಟು ಹಿಂದೆ ಸರಿದು, ಕಿವಿಗೆ ಕೈ ಆನಿಸಿಕೊಂಡಳು.

"ಏನಂದಿ? ಕೇಳಸಲಿಲ್ಲ."

ಮುದುಕಿಯ ಕಿವಿ ಮಂದ ಎಂದು ಊರವರಂತೆ ನಂಬಿದ್ದ ಸಂಘಮಿತ್ರಾ, ಉಂಡಿಯನ್ನು ಫ್ರಾಕಿನ ಕಿಸೆಗೆ ಹಾಕಿ, ಎರಡೂ ಅಂಗೈಗಳನ್ನು ಬಾಯಿಯ ಆಚೀಚೆ ಹಿಡಿದು, ಮೆಟ್ಟಿಲ ಮೇಲಿಂದಲೇ ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ಒಳಗಿನವ್ರು ಕರದ್ರ ಹೋಗಬಹುದ್ರೀ ಅವ್ವಾರ!"