ಇನ್ನೊಂದ್ಸಲ ಊದ್ತೀನಿ

‘ಸೊನ್ನೆ. ಕೀ ತಗೊಂಡು ಹೊರಡಮ್ಮ,’ ಎಂದ ಬಸ್ ಡಿಪೋದ ಸೂಪರ್‌ವೈಸರ್. ಡ್ರೈವರಕ್ಕ ಕದಲಲಿಲ್ಲ. ಕುಡಿದಿದ್ದಾರೋ ಇಲ್ಲವೋ ಎಂದು ಪತ್ತೆಮಾಡುವ ಮೆಷೀನಿನ ಕೊಳವೆ ಇನ್ನೂ ಅವಳ ಕೈಯಲ್ಲೇ ಇತ್ತು.

‘ಇನ್ನೊಂದ್ಸಲ ಊದ್ತೀನಿ ಸಾರ್.’

ಹಿಂದೆ ಸಾಲುಗಟ್ಟಿದ್ದ ಗಂಡಸರು ಗೊಣಗಿದರು. ಆ ಡಿಪೋ ವಾಸನೆ ಮುಚ್ಚಲು ಅಗಿಯುವ ಲವಂಗ ಕಂಡಿತ್ತು, ಏಲಕ್ಕಿ ಕಂಡಿತ್ತು, ಊದುವ ಹೊತ್ತಿಗೇ ಬರುವ ಹೊಟ್ಟೆನೋವು ಕಂಡಿತ್ತು. ತಾನಾಗಿ ಎರಡನೇ ಸಲ ಊದುತ್ತೇನೆಂದವರನ್ನು ಕಂಡಿರಲಿಲ್ಲ. ಊದಿದಳು. ಮತ್ತೆ ಸೊನ್ನೆ.

‘ಮೆಷೀನ್ ಕೆಟ್ಟಿಲ್ಲ ತಾನೇ? ರಾತ್ರಿ ಕುಡಿದೆ ಸಾರ್. ಅಡುಗೆಮನೇಲಿ, ನಿಂತ್ಕೊಂಡೇ. ಗಂಟಲು ಉರಿದದ್ದು ಚೆನ್ನಾಗಿ ನೆನಪಿದೆ. ಬೆಳಿಗ್ಗೆ ನೋಡಿದ್ರೆ ಬಾಟ್ಲಿನೂ ಇಲ್ಲ, ಲೋಟಾನೂ ಇಲ್ಲ. ಕನಸೋ ನಿಜವೋ ತಿಳೀತಿಲ್ಲ. ತಲೆ ಮಾತ್ರ ಸಿಡೀತಿದೆ. ಮಕ್ಕಳು ಮರಿ ಹತ್ತೋ ಬಸ್ಸು ಸಾರ್ ನಂದು.’

ಸೂಪರ್‌ವೈಸರ್ ಕಕ್ಕಾಬಿಕ್ಕಿಯಾದ. ‘ಕುಡಿತಾನಾ? ಹೋದ ತಿಂಗಳು ನಿಂಗೆ ಪಿತ್ತಕೋಶದ ಆಪರೇಶನ್ ಅಂತಲ್ವಾ ನಿಮ್ಮೆಜಮಾನ್ರು ರಜಾ ಕೇಳಿದ್ದು?’

‘ಪಿತ್ತಕೋಶ ಒಳಗೇ ಇದೆ. ಕುಡಿತ ಬಿಡೋಕೆ ಆಸ್ಪತ್ರೆ ಸೇರಿದ್ದೆ. ಆಪರೇಶನ್ ಕತೆ ಕಟ್ಟಿದ್ದು ನಮ್ಮತ್ತೆ. ಮಗ ಕುಡಿದ್ರೆ ಪಾಪ, ದುಡಿದು ಬಂದ ಮೈಕೈ ನೋವು. ಸೊಸೆ ಕುಡಿದ್ರೆ ಮನೆ ಮಾನ ಮೂರು ಕಾಸು.’

ಸಾಲಿನಲ್ಲಿದ್ದ ದಪ್ಪ ಮೀಸೆಯ ಡ್ರೈವರ್ ಕಿಸಕ್ಕೆಂದ. ಅವಳು ತಿರುಗಿದಳು.

‘ನಗಣ್ಣಾ, ನಗು. ಹೋದ ವರ್ಷ ನೀನೂ ಅದೇ ಆಸ್ಪತ್ರೇಲಿ ಇದ್ದು ಬಂದೆ. ಎಲ್ಲರಿಗೂ ಹೇಳಿಯೇ ಹೋಗಿದ್ದೆ ನೀನು. ವಾಪಸ್ ಬಂದಾಗ ಭೇಷ್ ಗಂಡು ಅಂತ ಎಲ್ಲ ಬೆನ್ನು ತಟ್ಟಿದ್ವಿ. ನಾನೂ ತಟ್ಟಿದೆ.’

ಮೀಸೆಯವನು ಸಾಲು ಬಿಟ್ಟು ಅವಳ ಹತ್ತಿರ ಬಂದ. ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ: ‘ಕನಸೇ ಅಕ್ಕಾ. ನಂಗೂ ಬೀಳುತ್ತೆ. ಎದ್ಮೇಲೂ ಬಾಯಲ್ಲಿ ರುಚಿ ಇರುತ್ತೆ.’

ಸೂಪರ್‌ವೈಸರ್ ಕೊಳವೆ ಬಿಡಿಸಿಕೊಂಡು ಅವಳ ಅಂಗೈಯಲ್ಲಿ ಕೀ ಇಟ್ಟ. ಅವಳು ಅದನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಹೋಗಿ ಬಸ್ಸು ಹತ್ತಿದಳು. ಸೀಟು ಸರಿಮಾಡಿಕೊಂಡು ಇಂಜಿನ್ ಶುರುಮಾಡಿದಳು.

‘ಯಾಕಕ್ಕಾ ಇಷ್ಟು ತಡ? ಏನಂದ್ರು?’ ಕಂಡಕ್ಟರ್ ಹುಡುಗಿ ಕೇಳಿದಳು.

‘ನಾನು ಕುಡಿದಿಲ್ವಂತೆ ಕಣೇ.’