ಮಹಲಬಿಯಾಕ್ಕೆ ಒಂದು ಚಿಟಿಕೆ ಅರಿಶಿನ

ಚಿಲಕ ಸರಿದ ಸದ್ದು. ಅಷ್ಟೇ. ರಾತ್ರಿ ಎರಡೂಕಾಲು.

ಅಮ್ರೀನ್ ಮಲಗಿದಲ್ಲೇ ಕಿವಿಗೊಟ್ಟಳು. ಮೆಟ್ಟಿಲ ಮೇಲೆ ಅತ್ತೆಯ ಹೆಜ್ಜೆ, ಆಮೇಲೆ ಗಲ್ಲಿಯ ಕೊನೆಯಲ್ಲಿ ಜಿಯಾವುಲ್ಲಾನ ಆಟೊ. ಈ ತಿಂಗಳಲ್ಲಿ ಇದು ಮೂರನೆಯ ಸಲ. ಅತ್ತೆ ಜೈನಾಬ್ ಅರವತ್ತು ದಾಟಿದವಳು, ಹಗಲು ಹೊತ್ತಿನಲ್ಲೂ ಒಬ್ಬಳೇ ಔಷಧದಂಗಡಿಗೆ ಹೋಗದವಳು.

ಬೆಳಗ್ಗೆ ಬೀರು ತೆರೆದಾಗ ಬಾಟಲಿಯಲ್ಲಿ ಗುಲಾಬಿ ನೀರು ನಾಲ್ಕು ಬೆರಳು ಇಳಿದಿತ್ತು.

ಆರ್.ಟಿ. ನಗರದ ಆ ಮನೆಯ ಹಿಂಕೋಣೆಯಲ್ಲಿ ಜೈನಾಬ್ ಅರಬ್ಬೀ ಸಿಹಿ ಮಾಡಿ ಮಾರುತ್ತಿದ್ದಳು. ಎಳೆಶಾವಿಗೆಯ ನಡುವೆ ಚೀಸ್ ತುಂಬುವ ಕುನಾಫಾ, ರವೆಯ ಬಸ್ಬೂಸಾ, ಅರಿಶಿನ ಹಾಕಿದ ಸಫೂಫ್ ಕೇಕು. ಎಲ್ಲಕ್ಕಿಂತ ಹೆಸರಾದದ್ದು ಮಹಲಬಿಯಾ: ಹಾಲು, ಅಕ್ಕಿಹಿಟ್ಟು, ಸೌದಿಯ ತಾಯಿಫ್‌ನಿಂದ ತರಿಸುವ ಗುಲಾಬಿ ನೀರು. ತಣಿದ ಮೇಲೆ ಮಲ್ಲಿಗೆಯಷ್ಟು ಬಿಳಿ.

ಈಚೆಗೆ ಹೆಬ್ಬಾಳದಲ್ಲಿ ಯಾರೋ ಅದನ್ನೇ ಮಾರತೊಡಗಿದ್ದರು. ಅದೇ ರುಚಿ, ಅದೇ ಪರಿಮಳ. ಇಲ್ಲಿಯ ಆರ್ಡರು ಅರ್ಧಕ್ಕೆ ಬಿದ್ದಿತ್ತು.

ಅಮ್ರೀನಳ ಗಂಡ ಹುಜೈಫಾ ರಾತ್ರಿ ಪಾಳಿ ಮುಗಿಸಿ ಬಂದವನು ಬಾಟಲಿ ಎತ್ತಿ ನೋಡಿದ.

"ಬೀಗದ ಕೈ ಇರೋದು ಇಬ್ಬರ ಹತ್ರ. ಅಮ್ಮಿ ತಮ್ಮ ಮನೇಲೇ ಕದೀತಾರಾ? ನೀನೇ ಹೇಳು."

ಅವನು ದನಿ ಏರಿಸಲಿಲ್ಲ. ಇನ್ನೊಂದು ಸಲ ಇಳಿದರೆ ಅವಳು ಟಿ. ದಾಸರಹಳ್ಳಿಯ ತವರಿಗೆ ಹೋಗಿ ಅಲ್ಲೇ ಇರಬಹುದು ಎಂದ. ಅತ್ತೆ ರಾತ್ರಿ ಹೊರಹೋಗುತ್ತಾಳೆಂದರೆ ಅವನು ನಂಬುವವನಲ್ಲ. ಕೇಳಿದರೆ ಅತ್ತೆ ಒಪ್ಪುವವಳಲ್ಲ. ಅಮ್ರೀನ್ ಜಿಯಾವುಲ್ಲಾನನ್ನು ತಡೆದು, ಅಮ್ಮಿಯನ್ನು ಎಲ್ಲಿಗೆ ಕರೆದೊಯ್ಯುತ್ತೀರೆಂದು ಕೇಳಿದಳು.

"ಅದೆಲ್ಲ ಕೇಳ್ಬೇಡಮ್ಮ. ಅಲ್ಲಿ ನೋಡಿದ್ದು ಅಲ್ಲೇ ಬಿಟ್ಟು ಬರ್ಬೇಕು. ಆ ಸವಾರಿಗೆ ನಾನು ಬಾಡಿಗೆನೂ ತಗೊಳ್ಳಲ್ಲ."

ಬಾಡಿಗೆ ಬೇಡವೆಂದರೆ ಬೇರೆ ಯಾರೋ ಕೊಡುತ್ತಿದ್ದಾರೆ; ಅತ್ತೆ ಗುಲಾಬಿ ನೀರು ಒಯ್ಯುವುದು ಹೆಬ್ಬಾಳದವರಿಗೇ. ಅವಳಿಗೆ ಅಷ್ಟು ಸಾಕಾಯಿತು.

ಬಾಟಲಿ ಕಂದು ಗಾಜಿನದು. ಒಳಗಿನ ಬಣ್ಣ ಹೊರಗೆ ಕಾಣುತ್ತಿರಲಿಲ್ಲ. ಮನೆಯ ಆರ್ಡರಿಗೆ ಬೇಕಾದಷ್ಟನ್ನು ಬೇರೆ ತೆಗೆದಿಟ್ಟು, ಉಳಿದದ್ದಕ್ಕೆ ಸಫೂಫ್‌ಗೆಂದು ಇಟ್ಟ ಡಬ್ಬಿಯಿಂದ ಒಂದು ಚಿಟಿಕೆ ಅರಿಶಿನ ಹಾಕಿ ಕುಲುಕಿದಳು. ಇನ್ನು ಹೆಬ್ಬಾಳದ ಮಹಲಬಿಯಾ ಹಳದಿಯಾಗುತ್ತದೆ. ಅದನ್ನೇ ತಂದು ಗಂಡನ ಮುಂದೆ ಇಡಬಹುದು.

ನಾಲ್ಕನೆಯ ರಾತ್ರಿ ಚಿಲಕ ಮತ್ತೆ ಸರಿಯಿತು.

ಬೆಳಕು ಹರಿದು ಬಹಳ ಹೊತ್ತಾದ ಮೇಲೆ ಜೈನಾಬ್ ಬಂದಳು. ಬುರ್ಖಾ ಕೂಡ ತೆಗೆಯದೆ ಅಡುಗೆಕೋಣೆಯ ನೆಲದ ಮೇಲೆ ಕುಳಿತಳು.

"ಹಾಳಾಯ್ತು ಬೇಟಿ. ಬಿಳಿ ಎಲ್ಲಾ ಕೆಂಪಾಗೋಯ್ತು."

ಹಳದಿಯಾಗಬೇಕಿತ್ತು. ಅಮ್ರೀನ್ ದನಿಯನ್ನು ಹಿಡಿತದಲ್ಲಿಟ್ಟು, ಹೆಬ್ಬಾಳದಲ್ಲಿ ಯಾರ ಮನೆ ಎಂದು ಕೇಳಿದಳು.

"ಹೆಬ್ಬಾಳ ಯಾಕೆ? ಕೋಗಿಲು ಕಡೆ. ಮೈಯತ್ ತೊಳ್ಯಕ್ಕೆ ಹೋಗಿದ್ದೆ."

ಆರು ವರ್ಷದಿಂದ ಹೋಗುತ್ತಿದ್ದಳಂತೆ. ಬಡವರ ಮನೆಯ ಹೆಂಗಸು ರಾತ್ರಿ ತೀರಿಕೊಂಡರೆ, ಮಣ್ಣು ಮಾಡುವ ಮೊದಲು ಹೆಂಗಸೇ ಸ್ನಾನ ಮಾಡಿಸಬೇಕು. ಶವ ತೊಳೆದ ಕೈಯ ಸಿಹಿಯನ್ನು ಜನ ತಿನ್ನಲಾರರೆಂದು ಮಗನಿಗೂ ಹೇಳಿರಲಿಲ್ಲ. ಕೊನೆಯಲ್ಲಿ ಶವಕ್ಕೆ ಹೊದಿಸುವ ಕಫನ್ ಬಟ್ಟೆಯ ಮೇಲೆ ಚಿಮುಕಿಸುವ ಗುಲಾಬಿ ನೀರು ಅವಳ ಲೆಕ್ಕದ ಪುಣ್ಯ. ನಿನ್ನೆ ರಾತ್ರಿ ಹತ್ತೊಂಬತ್ತು ವರ್ಷದ ಹುಡುಗಿ, ಮದುವೆಯಾಗಿ ಮೂರು ತಿಂಗಳು, ಜ್ವರ. ಹೊಸ ಬಟ್ಟೆಗೆ ಗತಿಯಿಲ್ಲದೆ ಮನೆಯಲ್ಲಿದ್ದ ಬಿಳಿ ಬಟ್ಟೆಯನ್ನೇ ಸೋಪು ಹಾಕಿ ಒಗೆದು, ಸರಿಯಾಗಿ ಜಾಲಿಸದೆ ಹಸಿಯಾಗಿಯೇ ಹೊದಿಸಿದ್ದರು. ಬೆಳಕೆಂದರೆ ಒಂದು ಮೊಬೈಲ್ ಟಾರ್ಚು.

"ಮೈಮೇಲೆ ಒಂದು ಗೀರಿರ್ಲಿಲ್ಲ, ನಾನೇ ನೋಡಿದ್ದೀನಿ. ಬೆಳಗಾಗೋ ಹೊತ್ತಿಗೆ ಎದೆ ಮೇಲೆ ರಕ್ತದ ಹಂಗೆ ಕಲೆ. ಗಂಡನೇ ಏನೋ ಮಾಡಿದಾನೆ ಅಂತ ಅವಳ ಅಣ್ಣಂದಿರು ಮೇಲೆ ಬಿದ್ರು. ಇಲ್ಲ ಅಂತ ಎಷ್ಟು ಹೇಳಿದ್ರೂ ನನ್ನ ಮಾತು ಯಾರು ಕೇಳ್ತಾರೆ? ಹುಡುಗನ ತಲೆ ಬಟ್ಟೆ ಒಗೆಯೋ ಕಲ್ಲಿಗೆ ಬಡೀತು. ಆಸ್ಪತ್ರೆ ಮುಟ್ಟೋ ಮೊದ್ಲೇ ಹೋಗ್ಬಿಟ್ಟ."

ಅರಿಶಿನದ ನೀರಿಗೆ ಸೋಪು ತಾಗಿದರೆ ರಕ್ತಗೆಂಪಾಗುತ್ತದೆಂದು ಬಟ್ಟೆ ಒಗೆಯುವ ಯಾವ ಹೆಂಗಸಿಗೂ ಗೊತ್ತು. ಗುಲಾಬಿ ನೀರಿನಲ್ಲಿ ಅರಿಶಿನವಿತ್ತೆಂದು ಗೊತ್ತಿದ್ದದ್ದು ಒಬ್ಬಳಿಗೇ.

ಹುಜೈಫಾ ಬಂದ. ತೆರೆದ ಬೀರು, ಬರಿದಾದ ಬಾಟಲಿ, ಕುಸಿದು ಕೂತ ತಾಯಿ. ಏನಾಯಿತೆಂದು ಕೇಳಿದ.

"ಕದೀತಿದ್ದದ್ದು ನಾನೇ," ಎಂದಳು ಅಮ್ರೀನ್. ಉಳಿದದ್ದನ್ನು ಯಾರಿಗೂ, ಎಂದಿಗೂ ಹೇಳುವುದಿಲ್ಲವೆಂದು ಅಷ್ಟರಲ್ಲೇ ತೀರ್ಮಾನಿಸಿಯಾಗಿತ್ತು.